ಮಗುವಿಲ್ಲದ ಮನೆಯ ಹಾಲು

ಫ್ರಿಜ್ಜಿನ ಮೇಲಿನ ಐಸ್ ಖಾನೆಯಲ್ಲಿ ಮೀನಿಗೆ ಜಾಗವಿಲ್ಲ ಎಂದು ಗೊತ್ತಾದ ದಿನ ಸೌಟಮ್ಮನ ತಾಳ್ಮೆ ಕೆಟ್ಟಿತು.

ಸೌಟಮ್ಮ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಶಾಲೆಯ ಹಾಸ್ಟೆಲಿನ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದು, ಊಟ ಬಿಡುವ ಮಕ್ಕಳಿಗೆಲ್ಲ ಸೌಟು ತೋರಿಸಿ ಹೆದರಿಸಿ ಉಣ್ಣಿಸಿದ್ದಕ್ಕೆ ಸಿಕ್ಕ ಬಿರುದು. ನಿವೃತ್ತಿಯಾದಾಗ ಸೌಟನ್ನು ಅಲ್ಲೇ ಬಿಟ್ಟು ಬಂದಳು. ಗಂಟಲನ್ನು ಮಾತ್ರ ಮನೆಗೆ ತಂದಳು.

"ಇಲ್ಲಿ ಬಾ," ಎಂದು ಕೂಗಿದಳು. "ಏನಿದೆಲ್ಲ?"

ಸೊಸೆ ಹೊಲಿಗೆ ಯಂತ್ರ ನಿಲ್ಲಿಸಿ ಬಂದಳು. ಮನೆಯಲ್ಲೇ ಶಾಲೆಯ ಸಮವಸ್ತ್ರ ಹೊಲಿಯುವವಳು. ಕತ್ತಿನಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ಖಾನೆಯ ತುಂಬ ಸಾಲಾಗಿ ನಿಂತ ಪುಟ್ಟ ಬಾಟಲಿಗಳನ್ನು ನೋಡಿ, ಇದರಲ್ಲಿ ಕೇಳುವುದೇನಿದೆ ಎಂಬಂತೆ, "ಹಾಲು ಅತ್ತೆ," ಎಂದಳು.

"ಹಾಲು ಅಂತ ನನಗೂ ಕಾಣತ್ತೆ. ಯಾರದು?"

"ನಂದು."

ಕೈಯಲ್ಲಿದ್ದ ಮೀನಿನ ಚೀಲ ಸೌಟಮ್ಮನಿಗೆ ಒಮ್ಮೆಲೇ ಭಾರವಾಯಿತು. ಆ ಮನೆಯ ಮಗು ಎರಡು ತಿಂಗಳು ಮೊದಲೇ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಎರಡು ವಾರವೂ ತುಂಬದೆ ತೀರಿಹೋಗಿ, ಚರ್ಚಿನ ಹಿಂದಿನ ಮಣ್ಣಿಗೆ ಸೇರಿತ್ತು. ತೊಟ್ಟಿಲನ್ನು ಮಗ ಯಾರಿಗೂ ಹೇಳದೆ ಅಟ್ಟಕ್ಕೆ ಏರಿಸಿದ್ದ. ಮನೆಯಲ್ಲಿ ಮಗುವಿನದೆಂಬ ವಸ್ತು ಒಂದೂ ಉಳಿದಿಲ್ಲ ಎಂದುಕೊಂಡಿದ್ದರೆ, ಇಲ್ಲಿ ಹಾಲು ತಣ್ಣಗೆ ಕೂತಿದೆ.

"ಆಸ್ಪತ್ರೆಯಲ್ಲಿ ತಾಯಿಹಾಲಿನ ಬ್ಯಾಂಕ್ ಇದೆ," ಎಂದಳು ಸೊಸೆ. "ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಕಾಯಿಸಿ, ಪರೀಕ್ಷೆ ಮಾಡಿ ಕೊಡ್ತಾರೆ. ಮಂಗಳವಾರ, ಶುಕ್ರವಾರ ಅವರ ಗಾಡಿ ಬರತ್ತೆ. ಕೊಡ್ತೀನಿ ಅಂತ ಒಪ್ಕೊಂಡಿದೀನಿ."

"ಯಾರನ್ನ ಕೇಳಿ ಒಪ್ಕೊಂಡೆ?"

"ಯಾರನ್ನ ಕೇಳಬೇಕಿತ್ತು?"

ಹುಡುಗಿ ಸೊಕ್ಕಿನಿಂದ ಕೇಳಿದ್ದರೆ ಸೌಟಮ್ಮ ಅಲ್ಲೇ ಜಾಡಿಸುತ್ತಿದ್ದಳು. ಆದರೆ ಅವಳು ನಿಜವಾಗಿ ಉತ್ತರ ಬೇಕೆಂಬಂತೆ ಕೇಳಿದ್ದಳು. ಮೀನನ್ನು ಅಂದೇ ಬೇಯಿಸಬೇಕಾಯಿತು. ಮೂವರಿಗೆ ಆಗಿ ಮಿಕ್ಕುವಷ್ಟಿತ್ತು. ಸೊಸೆ ಎರಡು ತುತ್ತು ತಿಂದು ತಟ್ಟೆ ಸರಿಸಿದಳು.

ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಂಥ ಎಂಜಿನ್ ಕೆಮ್ಮಿದರೂ ಕಿವಿಗೊಟ್ಟು ರೋಗ ಹೇಳುವವನು, ತನ್ನ ಮನೆಯ ಒಂದು ಸದ್ದಿಗೆ ಮಾತ್ರ ಕಿವಿ ಮುಚ್ಚಿಕೊಳ್ಳುತ್ತಿದ್ದ. ಕೋಣೆಯ ಬಾಗಿಲ ಹಿಂದೆ ಹೆಂಡತಿಯ ಹಾಲು ತೆಗೆಯುವ ಕೈಪಂಪು ಕಿಚ್ ಕಿಚ್ ಎಂದರೆ, ಅರ್ಧ ಊಟದಲ್ಲಿದ್ದರೂ ಎದ್ದು ಹೋಗಿ ಹೊರಗೆ ಸೈಕಲ್ ಒರೆಸುತ್ತಿದ್ದ. ಆ ಸೈಕಲ್ ಅಷ್ಟು ಹೊಳೆದದ್ದು ಅದರ ಆಯುಸ್ಸಿನಲ್ಲೇ ಇಲ್ಲ.

"ಅವಳಿಗೆ ಹೇಳಮ್ಮ," ಎಂದ ಒಂದು ದಿನ. "ಮೂರು ಹೊತ್ತೂ ಅದನ್ನ ಹಿಡ್ಕೊಂಡು ಕೂತ್ರೆ ಮರೆಯೋದು ಹೇಗೆ?"

"ನಿನ್ನ ಹೆಂಡತಿ. ನೀನೇ ಹೇಳು."

"ಹೇಳಿದೆ. 'ನೀವು ಮರೀರಿ, ನಾನು ಬೇಡ ಅನ್ನಲ್ಲ' ಅಂದಳು."

ಇಬ್ಬರಿಗೂ ಆಗದ ಕೆಲಸಕ್ಕೆ ಸೌಟಮ್ಮ ಮಗಳನ್ನು ಕರೆಸಿದಳು. ಮಗಳು ಎರಡು ಬೀದಿ ಆಚೆ ಇರುವವಳು, ಬ್ಯಾಂಕಿನಲ್ಲಿ ಗುಮಾಸ್ತೆ, ಚರ್ಚಿನ ಮಹಿಳಾ ಸಂಘದ ಕಾರ್ಯದರ್ಶಿ. ಯಾವ ಮನೆಯ ತಂಟೆಯನ್ನೂ ಅರ್ಧ ಗಂಟೆಯಲ್ಲಿ ಬಗೆಹರಿಸುತ್ತೇನೆಂಬ ಧೈರ್ಯ ಅವಳಿಗೆ. ಬರುವಾಗಲೇ ಹಾಲು ಬತ್ತಿಸುವ ಮಾತ್ರೆಯ ಪೊಟ್ಟಣವನ್ನು ಕೈಚೀಲದಲ್ಲಿ ತಂದಿದ್ದಳು.

"ನೋಡಮ್ಮ, ಇದೆಲ್ಲ ಮೈಗೂ ಒಳ್ಳೇದಲ್ಲ, ಮನಸ್ಸಿಗೂ ಒಳ್ಳೇದಲ್ಲ," ಎಂದು ಮಾತ್ರೆಯನ್ನು ಸೊಸೆಯ ಮುಂದೆ ಮೇಜಿನ ಮೇಲಿಟ್ಟಳು. "ಎರಡು ದಿನ ತಗೋ, ಸರಿಹೋಗತ್ತೆ. ಮುಂದಿನ ವರ್ಷ ದೇವರು ಇನ್ನೊಂದು ಕೊಡ್ತಾನೆ."

"ಕೊಡಲಿ ಅಕ್ಕ. ಅದಕ್ಕೂ ಇದಕ್ಕೂ ಏನು ಸಂಬಂಧ?"

"ಸಂಘದಲ್ಲಿ ಜನ ಏನಂತಿದಾರೆ ಗೊತ್ತಾ? ಮೈಯಿಂದ ಬಂದಿದ್ದನ್ನ ಕಂಡಕಂಡವರ ಮಕ್ಕಳಿಗೆ ಕೊಡೋದು ಅಂದ್ರೆ, ನಾನು ಅಸಹ್ಯ ಅನ್ನಲ್ಲ, ಆದ್ರೆ ಅನ್ನೋರು ಅಂತಾರೆ."

ಸೊಸೆ ಅಂಗಿಯ ತೋಳಿಗೆ ಗುಂಡಿಯ ಕಾಜಾ ಹೊಲಿಯುತ್ತಿದ್ದಳು. ದಾರ ಕಚ್ಚಿ ತುಂಡು ಮಾಡಿ ತಲೆ ಎತ್ತಿದಳು.

"ಯೇಸು ತನ್ನ ದೇಹವನ್ನೇ ನಮಗೆ ಕೊಟ್ಟ ಅಂತ ಪ್ರತಿ ತಿಂಗಳು ಚರ್ಚಲ್ಲಿ ಸಾಲಾಗಿ ನಿಂತು ರೊಟ್ಟಿ ತಗೊಳ್ತೀವಲ್ಲ ಅಕ್ಕ. ಆಗ ಯಾರಿಗೂ ಅಸಹ್ಯ ಆಗಲ್ಲ. ಅವನು ಕೊಟ್ರೆ ಪ್ರೀತಿ, ನಾನು ಕೊಟ್ರೆ ಅಸಹ್ಯನಾ?"

ಮಗಳ ಸಂಘದಲ್ಲಿ ಇಂಥ ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ. ದೇವರ ಮಾತನ್ನು ಹೀಗೆಲ್ಲ ಎಳೆದಾಡಬಾರದೆಂದು ಗೊಣಗಿ, ಟೀ ಸಹ ಕುಡಿಯದೆ ಎದ್ದು ಹೋದಳು. ಸೊಸೆ ಮಾತ್ರೆಯ ಪೊಟ್ಟಣವನ್ನು ಎತ್ತಿ ಕಸದ ಬುಟ್ಟಿಗೆ ಹಾಕಿ, ಇನ್ನೊಂದು ತೋಳು ತೆಗೆದುಕೊಂಡಳು.

ಸೌಟಮ್ಮನಿಗೆ ಅಸಹ್ಯ, ಗಿಸಹ್ಯ ಏನೂ ಆಗಿರಲಿಲ್ಲ. ಹಾಸ್ಟೆಲಿನ ಮಕ್ಕಳ ವಾಂತಿ ಬಳಿದ ಕೈ ಅದು. ಅವಳ ಹೊಟ್ಟೆಯುರಿ ಬೇರೆಯೇ. ಆ ಹಾಲು ಅವಳ ಮೊಮ್ಮಗನದು. ಅವನಿಗೆಂದೇ ಇಳಿದದ್ದು. ಮಗು ತನ್ನ ಪಾಲಿನದನ್ನು ಒಂದು ದಿನವೂ ಹೊಟ್ಟೆ ತುಂಬ ಉಣ್ಣಲಿಲ್ಲ, ಅದನ್ನು ಯಾರ ಯಾರ ಮಕ್ಕಳಿಗೋ ಹಂಚುತ್ತಿದ್ದಾರೆ. ತಟ್ಟೆಯಿಂದ ತಟ್ಟೆಗೆ ಅನ್ನ ಕದಿಯುವ ಹುಡುಗರನ್ನು ಹಾಸ್ಟೆಲಿನಲ್ಲಿ ಅವಳು ಎಂದೂ ಕ್ಷಮಿಸಿದವಳಲ್ಲ.

ಸೋಮವಾರ ಮಧ್ಯಾಹ್ನ ಸೊಸೆ ಹೊಲಿದ ಬಟ್ಟೆ ಕೊಡಲು ಶಾಲೆಗೆ ಹೋದಳು. ಸೌಟಮ್ಮ ಬಾಟಲಿಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ, ಮೇಲೆ ಟವೆಲ್ ಮುಚ್ಚಿ, ಚರ್ಚಿನ ಹಿಂದಿನ ದಾರಿ ಹಿಡಿದಳು.

ಮಗುವಿನ ಸಮಾಧಿ ಗೋಡೆಯ ಪಕ್ಕ. ಕಲ್ಲು ಇನ್ನೂ ಇಟ್ಟಿರಲಿಲ್ಲ, ಮರದ ಪುಟ್ಟ ಶಿಲುಬೆ ಮಾತ್ರ. ಬಿಸಿಲಿಗೆ ಹಾಲು ಕರಗಲು ಬಿಟ್ಟು ಅವಳು ಅಲ್ಲೇ ಕಳೆ ಕಿತ್ತಳು. ಕರಗಿದ ಮೇಲೆ ಒಂದೊಂದೇ ಬಾಟಲಿಯ ಮುಚ್ಚಳ ತೆಗೆದು ಮಣ್ಣಿಗೆ ಸುರಿದಳು. ಮಣ್ಣು ಒಂದು ಕ್ಷಣ ಬೆಳ್ಳಗಾಗಿ ಆಮೇಲೆ ಕಪ್ಪಾಯಿತು.

"ತಗೋ ಕಂದ. ನಿಂದು ನೀನೇ ಕುಡಿ."

ಹೀಗೆ ಮಾಡು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪಾಸ್ಟರ್ ಕಂಡಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದರು. ಆದರೆ ಮಗು ಹೋದ ಮೇಲೆ ಅಂದೇ ಮೊದಲ ಬಾರಿಗೆ ಅವಳ ಎದೆ ಹಗುರವಾಗಿತ್ತು. ಮನೆಗೆ ಬಂದು ಹೊಟ್ಟೆ ತುಂಬ ಉಂಡಳು.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಗಾಡಿಯವನು ಬಾಗಿಲಲ್ಲಿ ಐಸಿನ ಪೆಟ್ಟಿಗೆ ಹಿಡಿದು ನಿಂತಿದ್ದ. ಸೊಸೆ ಫ್ರಿಜ್ಜಿನ ಬಾಗಿಲು ತೆರೆದವಳು ತೆರೆದೇ ನಿಂತಳು.

"ಅತ್ತೆ, ಬಾಟಲಿಗಳೆಲ್ಲಿ?"

"ತೊಳೆದು ಬೋರಲು ಹಾಕಿದೀನಿ ನೋಡು."

"ಹಾಲೆಲ್ಲಿ?"

"ಯಾರದೋ ಅವನಿಗೆ ಕೊಟ್ಟು ಬಂದೆ." ಸೌಟಮ್ಮ ಬೇಳೆ ಆರಿಸುತ್ತಿದ್ದ ಮೊರದಿಂದ ಕಣ್ಣೆತ್ತಲಿಲ್ಲ. "ಚರ್ಚಿನ ಹಿಂದೆ."

ಸೊಸೆ ಗಾಡಿಯವನಿಗೆ ಶುಕ್ರವಾರ ಬಾ ಎಂದು ಹೇಳಿ ಕಳಿಸಿ, ಬಾಗಿಲು ಮುಚ್ಚಿ ಬಂದು ಅತ್ತೆಯ ಎದುರು ನೆಲದ ಮೇಲೆ ಕೂತಳು. ಕೂಗಾಡುತ್ತಾಳೆಂದು ಸೌಟಮ್ಮ ಸಿದ್ಧಳಾಗಿದ್ದಳು. ಕೂಗಾಟಕ್ಕೆ ಕೂಗಾಟ ಕೊಡುವುದರಲ್ಲಿ ಅವಳದು ಎತ್ತಿದ ಕೈ.

"ಅವನ ಹಾಲು ಅವನಿಗೇ ಕೊಟ್ರಿ, ಅಲ್ವಾ?"

"ಹೌದು. ತಪ್ಪೇನು?"

"ಅವನು ನನ್ನ ಹಾಲು ಕುಡಿದೇ ಇಲ್ಲ ಅತ್ತೆ."

ಸೌಟಮ್ಮನ ಬೆರಳು ಬೇಳೆಯಲ್ಲಿ ನಿಂತಿತು.

"ನನಗೆ ಹಾಲು ಇಳಿಯೋದು ತಡ ಆಯ್ತು. ಇಳಿಯೋ ಹೊತ್ತಿಗೆ ಅವನ ಹೊಟ್ಟೆ ಕೆಟ್ಟು, ಬಾಯಿಗೆ ಏನೂ ಹಾಕಬಾರದು ಅಂದ್ರು. ಅದಕ್ಕೆ ಮೊದಲು ಕೊಳವೆಯಲ್ಲಿ ಕೊಡ್ತಿದ್ದಿದ್ದು ಇದೇ ಬ್ಯಾಂಕಿನ ಹಾಲು. ಯಾರೋ ತಾಯಿ ಕೊಟ್ಟಿದ್ದು. ನೀವು ಗಾಜಿನ ಆಚೆ ನಿಂತು 'ನೋಡು, ಹೇಗೆ ಕುಡೀತಾನೆ' ಅಂತಿದ್ರಲ್ಲ, ಅದು." ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. "ಅವನ ಹೊಟ್ಟೆಗೆ ಬಿದ್ದ ಹಾಲೆಲ್ಲ ಅವಳದು. ಅವಳ ಮನೇಲೂ ಒಬ್ಬ ಅತ್ತೆ ಇದ್ದು, 'ಕಂಡವರ ಮಗುಗೆ ಯಾಕೆ' ಅಂತ ಮಣ್ಣಿಗೆ ಸುರಿದಿದ್ರೆ, ಅವನಿಗೆ ಅಷ್ಟು ದಿನಾನೂ ಸಿಗ್ತಿರಲಿಲ್ಲ."

ಮೂವತ್ತು ವರ್ಷದಲ್ಲಿ ಎಂಥೆಂಥ ವಾರ್ಡನ್‌ಗಳ ಬಾಯಿ ಮುಚ್ಚಿಸಿದ್ದ ಸೌಟಮ್ಮ ಆರಿಸಿದ ಬೇಳೆಯನ್ನೇ ಮತ್ತೆ ಆರಿಸತೊಡಗಿದಳು. ಸೊಸೆ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಪಂಪಿನ ಸದ್ದು ಕೇಳಿಸಿತು.

ಆ ದಿನ ಬೇಳೆ ತಳ ಹಿಡಿಯಿತು. ಸೌಟಮ್ಮನ ಕೈಯಲ್ಲಿ ಅಡುಗೆ ಸೀದದ್ದನ್ನು ಕಂಡವರು ಯಾರೂ ಇಲ್ಲ. ಮಗ ಸಂಜೆ ಬಂದು ಒಂದು ತುತ್ತು ಬಾಯಿಗಿಟ್ಟು ಇಬ್ಬರ ಮುಖ ನೋಡಿದ. ಏನೂ ಕೇಳದೆ ಉಂಡು ಎದ್ದ.

ಎರಡು ದಿನ ಅತ್ತೆ ಸೊಸೆಯರ ನಡುವೆ ಉಪ್ಪು ಕೊಡು, ಬಾಗಿಲು ಹಾಕು ಎಂಬಷ್ಟೇ ಮಾತು. ಮೂರನೆಯ ದಿನ ಸೊಸೆ ಬಾಟಲಿ ತೊಳೆಯಲು ಬಂದಾಗ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಪಕ್ಕದಲ್ಲಿ ಅತ್ತೆ ಸೆರಗು ಸಿಕ್ಕಿಸಿ ನಿಂತಿದ್ದಳು.

"ಕೊಡು ಇಲ್ಲಿ. ನೀನು ತೊಳೆಯೋದು ತೊಳೆಯೋದೇ ಅಲ್ಲ. ಮುಚ್ಚಳದ ಸುರುಳಿಯೊಳಗೆ ಬ್ರಷ್ಷೇ ಹೋಗಿಲ್ಲ. ಇನ್ನೂರು ಮಕ್ಕಳ ಲೋಟ ಬೇಯಿಸಿದವಳು ನಾನು."

ಸೊಸೆ ಕೊಟ್ಟಳು. ಅತ್ತೆ ಬಾಟಲಿಗಳನ್ನು ನೀರಿಗಿಳಿಸಿ, ಬೆನ್ನು ತಿರುಗಿಸಿಕೊಂಡೇ ಮಾತು ತೆಗೆದಳು.

"ನನಗೂ ಒಂದಿತ್ತು. ಇವರಿಬ್ಬರಿಗೂ ಮೊದಲು. ಹೆಣ್ಣು."

ಸೊಸೆಗೆ ಇದು ಹೊಸ ಸುದ್ದಿ. ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಹುಟ್ಟಿ ಸಂಜೆವರೆಗೆ ಇತ್ತು, ಅಷ್ಟೆ. ನಮ್ಮತ್ತೆ ಹಳೇ ಬಟ್ಟೆ ಹರಿದು ನನ್ನ ಎದೆ ಬಿಗಿದು ಕಟ್ಟಿದ್ರು, ಹಾಲು ನಿಲ್ಲಲಿ ಅಂತ. ಮಾರನೇ ದಿನ ಒಲೆ ಮುಂದೆ ಕೂರಿಸಿದ್ರು. ಬಟ್ಟೆಯೆಲ್ಲ ನೆನೀತಿತ್ತು, ನಾನು ಹಿಟ್ಟು ನಾದ್ತಿದ್ದೆ. ಅಳಬೇಡ, ಇನ್ನೊಂದಾಗತ್ತೆ ಅಂದ್ರು. ಆಯ್ತು, ಇನ್ನೆರಡಾಯ್ತು. ಅವಳ ಮಾತನ್ನ ಆಮೇಲೆ ಒಬ್ಬರೂ ಎತ್ತಲಿಲ್ಲ."

"ನೀವು?"

"ನಾನೂ ಎತ್ತಲಿಲ್ಲ. ಯಾರ ಹತ್ರ ಎತ್ತಲಿ?" ಇಕ್ಕಳದಿಂದ ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. ಸಾಲದೆಂದು ಮತ್ತೆ ನೀರಿಗೆ ಬಿಟ್ಟಳು. "ಅವತ್ತು ನಿನ್ನಂಗೆ ಒಂದು ಮಾತು ಎದುರು ಆಡಿದ್ರೆ ಆಗ್ತಿತ್ತು. ಗೊತ್ತಾಗಲಿಲ್ಲ. ನೀನು ಆಡ್ತಿದೀಯ, ಅದಕ್ಕೇ ನನಗೆ ಸಿಟ್ಟು ಬಂತೋ ಏನೋ."

ಸೊಸೆ ಬಂದು ಹಿಂದಿನಿಂದ ಅತ್ತೆಯ ಭುಜಕ್ಕೆ ಹಣೆ ಹಚ್ಚಿ ಅತ್ತಳು. ಸೌಟಮ್ಮ ಅಳು ಮುಗಿಯುವ ತನಕ ನಿಂತು, ಆಮೇಲೆ, "ತಿನ್ನದೆ ಇದ್ರೆ ಹಾಲೆಲ್ಲಿಂದ ಬರತ್ತೆ? ಮೊಟ್ಟೆ ಬೇಯಿಸಿಟ್ಟಿದೀನಿ, ಎರಡೂ ತಿನ್ನಬೇಕು," ಎಂದಳು. ಸೊಸೆ ಒಂದು ಸಾಕೆಂದಳು. ಅತ್ತೆ ನೋಡಿದ ನೋಟಕ್ಕೆ ಎರಡನ್ನೂ ತಿಂದಳು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಹಾಸ್ಟೆಲಿನ ಶಿಸ್ತು ಬಂತು. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಬೇಳೆ, ಸಂಜೆ ಹಣ್ಣು. ಸೊಸೆ ಹೊಲಿಗೆಯಿಂದ ತಲೆ ಎತ್ತಿದರೆ ಎದುರಿಗೆ ತಟ್ಟೆ. ಮಗನ ಸೈಕಲ್ ಒರೆಸುವ ಅಭ್ಯಾಸ ಮಾತ್ರ ಇನ್ನೂ ನಿಂತಿರಲಿಲ್ಲ. ಒಂದು ಸಂಜೆ ಪಂಪಿನ ಸದ್ದು ಅರ್ಧಕ್ಕೆ ನಿಂತು, ಕೋಣೆಯೊಳಗಿಂದ ಸೊಸೆ ತನ್ನಷ್ಟಕ್ಕೆ ಬೈದುಕೊಳ್ಳುವುದು ಕೇಳಿಸಿತು. ಮಗ ಅಂಗಳದಲ್ಲೇ ಕಿವಿ ನಿಮಿರಿಸಿದ. ಸ್ವಲ್ಪ ಹೊತ್ತು ತಡೆದು, ಬಟ್ಟೆ ಬಿಸಾಕಿ ಒಳಗೆ ಬಂದ.

"ಕೊಡು ಇಲ್ಲಿ. ವಾಷರ್ ಹೋಗಿದೆ."

"ನೋಡದೆ ಹೇಗೆ ಗೊತ್ತು?"

"ದಿನಾ ಕೇಳ್ತೀನಲ್ಲ."

ರಬ್ಬರಿನ ತುಂಡು ಕತ್ತರಿಸಿ, ಉಜ್ಜಿ, ತಾಯಿಯ ಕುದಿಯುವ ಪಾತ್ರೆಯಲ್ಲಿ ಅದ್ದಿ, ಕೂರಿಸಿ ಕೊಟ್ಟ. ಸರಿಯಾಯಿತೋ ಇಲ್ಲವೋ ನೋಡಬೇಕೆಂಬ ನೆಪದಿಂದ ಅಂದು ಕೋಣೆಯಲ್ಲೇ ಕೂತ.

ಅದೇ ವಾರ ಪಾಸ್ಟರ್ ಮನೆಗೆ ಬಂದರು. ಜೊತೆಗೆ ಮಗಳು. ಬರುವ ಭಾನುವಾರ ಆರಾಧನೆಯಲ್ಲಿ ತಾಯಂದಿರಿಗಾಗಿ ಸ್ತೋತ್ರವಿದೆ, ಸಭೆಯ ಹಿರಿಯ ತಾಯಿಯೆಂದು ಸೌಟಮ್ಮನನ್ನು ಮುಂದೆ ಕೂರಿಸಿ ಗೌರವಿಸಬೇಕೆಂದಿದ್ದೇವೆ ಎಂದರು. ಒಳ್ಳೆಯ ಮನುಷ್ಯ. ಬಿಸ್ಕತ್ತು ಕೊಟ್ಟರೆ ಅರ್ಧ ತಿಂದು ಅರ್ಧ ಕೈಯಲ್ಲಿ ಹಿಡಿದುಕೊಂಡೇ ಮಾತಾಡುವವರು.

"ನಿಮ್ಮ ಬಗ್ಗೆ ನಾಲ್ಕು ಮಾತು ಹೇಳಬೇಕಲ್ಲ ಅಮ್ಮ. ಇಬ್ಬರು ಮಕ್ಕಳು, ಅಲ್ವೇ?"

"ಮೂವರು," ಎಂದಳು ಸೌಟಮ್ಮ.

"ಅಮ್ಮನಿಗೆ ವಯಸ್ಸಾಯ್ತು," ಎಂದು ಮಗಳು ನಕ್ಕಳು. "ಇಬ್ಬರೇ ಪಾಸ್ಟರೇ."

"ನನ್ನ ಬಸಿರು ನನಗೆ ಗೊತ್ತಿಲ್ವೇನೆ? ಮೂವರು. ಮೊದಲನೇದು ಹೆಣ್ಣು, ನಿನ್ನ ಅಕ್ಕ. ಒಂದು ದಿನ ಬದುಕಿತ್ತು. ಹೇಳೋದಾದ್ರೆ ಮೂವರು ಅಂತ ಹೇಳಿ, ಇಲ್ದಿದ್ರೆ ನನ್ನ ಹೆಸರೇ ಎತ್ತಬೇಡಿ."

ಅರ್ಧ ಬಿಸ್ಕತ್ತು ಪಾಸ್ಟರ ಕೈಯಲ್ಲೇ ಉಳಿಯಿತು. "ಮೂವರು ಅಂತಲೇ ಹೇಳ್ತೀನಮ್ಮ," ಎಂದರು. ಮಗಳು ನಗು ಮರೆತು ತಾಯಿಯ ಮುಖವನ್ನೇ ನೋಡುತ್ತಿದ್ದಳು. ಬಾಗಿಲ ಬಳಿ ಚಪ್ಪಲಿ ಮೆಟ್ಟುವಾಗ, "ನನಗ್ಯಾಕೆ ಇಷ್ಟು ದಿನ ಹೇಳಲಿಲ್ಲ?" ಎಂದು ಕೇಳಿದಳು. "ಹೇಳಿದ್ರೆ ನನಗೂ ಮಾತ್ರೆ ತಂದು ಕೊಡ್ತಿದ್ದೆ," ಎಂದಳು ಸೌಟಮ್ಮ. ಮಾತು ಒರಟಾಯಿತೆಂದು ಅವಳಿಗೇ ಅನ್ನಿಸಿತು. ಆದರೂ ಹಿಂದೆಗೆದುಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ ಮಗ ಡಿಪೋದ ಪಾಳಿಗೆ ಹೋಗಿದ್ದ. ಸೌಟಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು, ತಲೆ ಬಾಚಿ ಸಿದ್ಧಳಾಗಿದ್ದಳು. ಮಗಳು ಬಾಗಿಲಲ್ಲಿ ಆಟೋ ನಿಲ್ಲಿಸಿಕೊಂಡು ಗಡಿಯಾರ ನೋಡುತ್ತಿದ್ದಳು. ಅಷ್ಟರಲ್ಲಿ ಸೊಸೆಗೆ ಫೋನು ಬಂತು. ಮಾತಾಡಿ ಮುಗಿಸಿ ಅತ್ತೆಯ ಕಡೆ ತಿರುಗಿದಳು.

"ಆಸ್ಪತ್ರೆಯಿಂದ. ರಾತ್ರಿ ಒಂದು ಮಗು ಬಂದಿದೆಯಂತೆ, ಅಂಗೈಯಷ್ಟು. ತಾಯಿಗೆ ಇನ್ನೂ ಪ್ರಜ್ಞೆ ಇಲ್ಲ. ಬ್ಯಾಂಕಲ್ಲಿ ಇರೋದು ನಾಳೆವರೆಗೆ ಮಾತ್ರ ಸಾಕಾಗತ್ತಂತೆ. ಇವತ್ತೇ ಸಿಕ್ಕಿದ್ರೆ ಕಾಯಿಸಿ, ಪರೀಕ್ಷೆ ಮಾಡಿ ನಾಳಿದ್ದಿಗೆ ಕೊಡಬಹುದಂತೆ. ಗಾಡಿ ಕೆಟ್ಟಿದೆ, ತಂದುಕೊಡಕ್ಕಾಗತ್ತಾ ಅಂದ್ರು." ಅವಳು ಫ್ರಿಜ್ಜಿನ ಕಡೆ ಹೆಜ್ಜೆ ಇಟ್ಟು ನಿಂತಳು. "ಆ ಮೆಟ್ಟಿಲು ಹತ್ತಕ್ಕೆ ನನ್ನಿಂದ ಆಗಲ್ಲ ಅತ್ತೆ. ಒಂದು ಸಲ ಗೇಟಿನವರೆಗೆ ಹೋಗಿ ವಾಪಸ್ ಬಂದಿದೀನಿ. ಆದ್ರೂ ಹೋಗ್ತೀನಿ."

"ಯಾರು ಹೋಗು ಅಂದ್ರು ನಿನ್ನ? ಐಸಿನ ಪೆಟ್ಟಿಗೆ ತೆಗಿ."

"ಅಮ್ಮ," ಎಂದಳು ಮಗಳು. "ಸಭೆಯೆಲ್ಲ ಕಾಯ್ತಿದೆ. ಇದೊಂದು ದಿನ ಅವರು ಬೇರೆ ಏನಾದ್ರೂ ನೋಡ್ಕೊಳ್ಳಲಿ."

"ಆ ಮಗು ನಾಳಿದ್ದು ಒಂದು ದಿನ ಹಸ್ಕೊಂಡಿರತ್ತಾ? ಕೇಳಿ ನೋಡು."

"ನಿನ್ನ ಕುರ್ಚಿಗೆ ಹೂವು ಕಟ್ಟಿದಾರೆ."

"ಹೂವನ್ನ ನೋಡಲಿ. ಚೆನ್ನಾಗಿರತ್ತೆ." ಬಾಟಲಿಗಳ ನಡುವೆ ಐಸು ತುಂಬಿ ಮುಚ್ಚಳ ಒತ್ತಿದಳು. ಆಟೋ ಹತ್ತಿ ಕೂತು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಳು. "ನೀನು ನಡೆದು ಹೋಗು. ಚರ್ಚು ಹತ್ತಿರಾನೇ ಇದೆ."

ಆಸ್ಪತ್ರೆಯ ಗೇಟಿನಲ್ಲಿ ಕಾವಲಿನವನು ಭಾನುವಾರ ಭೇಟಿಯ ಸಮಯ ಸಂಜೆಗೆ ಎಂದ. ಸೌಟಮ್ಮ ಹಾಸ್ಟೆಲಿನ ಗಂಟಲು ತೆಗೆದಳು. ಭೇಟಿಗಲ್ಲ, ಊಟ ಬಡಿಸಕ್ಕೆ ಬಂದಿದೀನಿ ಎಂದಳು. ಅವನು ತನಗರಿವಿಲ್ಲದೆ ಪಕ್ಕಕ್ಕೆ ಸರಿದ. ಮೆಟ್ಟಿಲು ಹತ್ತುವಾಗ ಮಂಡಿ ಹಿಡಿಯಿತು. ಮೊಮ್ಮಗನನ್ನು ಗಾಜಿನಾಚೆ ನೋಡಿದ ಅದೇ ಕಾರಿಡಾರ್ ಬಂದಾಗ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡಳು. ನಿಲ್ಲದೆ ನಡೆದಳು.

ನರ್ಸ್ ಬಾಟಲಿಗಳನ್ನು ಎಣಿಸಿ ಒಳಗಿಟ್ಟುಕೊಂಡು, ಖಾಲಿ ಪೆಟ್ಟಿಗೆ ವಾಪಸ್ ಕೊಟ್ಟಳು. "ನಿಮ್ಮ ಸೊಸೆಗೆ ಹೇಳಿ ಅಮ್ಮ, ತುಂಬಾ ಉಪಕಾರ ಆಯ್ತು ಅಂತ. ಮಗು ಇಲ್ಲದೆ ಹಾಲು ಬಹಳ ದಿನ ನಿಲ್ಲಲ್ಲ, ಒಂದಲ್ಲ ಒಂದು ದಿನ ತಾನಾಗೇ ಬತ್ತತ್ತೆ. ಬೇಜಾರು ಮಾಡ್ಕೋಬಾರದು."

"ಬತ್ತೋ ದಿನ ಬತ್ತಲಿ. ಅದಕ್ಕೆ ಮೊದಲು ಅದನ್ನ ಯಾರೂ ಒಣಗಿಸಬಾರದು. ನಾನು ಬಿಡಲ್ಲ."

ಕಾರಿಡಾರಿನ ಬೆಂಚಿನ ಮೇಲೆ ಕೂತು ಉಸಿರು ತಿರುಗಿಸಿಕೊಳ್ಳುವಾಗ ಫೋನು ಬಂತು. ಹಿನ್ನೆಲೆಯಲ್ಲಿ ಹಾರ್ಮೋನಿಯಂ. ಮಗಳು ಬಾಯಿಗೆ ಕೈ ಅಡ್ಡ ಹಿಡಿದಂತೆ ಪಿಸುಗುಟ್ಟುತ್ತಿದ್ದಳು.

"ಅಮ್ಮ, ಪಾಸ್ಟರ್ ನಿನ್ನ ಹೆಸರು ಕರೆದ್ರು. ಮೂವರು ಮಕ್ಕಳ ತಾಯಿ ಅಂತ ಹೇಳಿದ್ರು. ಎಲ್ಲರೂ ಖಾಲಿ ಕುರ್ಚಿ ನೋಡ್ತಿದಾರೆ. ನಾನು ಏನು ಹೇಳ್ಲಿ?"

"ಮಗುಗೆ ಹಾಲು ಕೊಡಕ್ಕೆ ಹೋಗಿದಾಳೆ ಅಂತ ಹೇಳು."

"ಯಾರ ಮಗು ಅಂತ ಕೇಳಿದ್ರೆ?"

"ನನಗೂ ಗೊತ್ತಿಲ್ಲ ಅಂತ ಹೇಳು."